ಕೈ ಎತ್ತಿದಾಗ ಬಂದ ನಗು

ಮೂರು ವರ್ಷದ ಹಿಂದಿನ ಮಾತು. ಹುಮನಾಬಾದಿನ ಖಾಸಗಿ ಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿಯಾಗಿದ್ದ ನಾನು ಆ ಕೆಲಸ ಬಿಟ್ಟು ಸ್ಟ್ಯಾಂಡ್-ಅಪ್ ಕಾಮಿಡಿಗೆ ಇಳಿದು ಎರಡನೇ ವರ್ಷ ನಡೆಯುತ್ತಿತ್ತು. ಒಬ್ಬರೇ ಮೈಕ್ ಹಿಡಿದು ನಿಂತು ನಗಿಸುವ ಕೆಲಸ ಇದು. ಹೊರಗಿನವರು ಇದನ್ನು ಮೋಜು ಅಂದುಕೊಳ್ಳುತ್ತಾರೆ. ಶುದ್ಧ ಸುಳ್ಳು! ಇದು ಪೊಲೀಸ್ ಕೆಲಸಕ್ಕೆ ಹತ್ತಿರ. ವೇದಿಕೆ ಮೇಲಿರುವವಳು ಎದುರಿಗೆ ಕೂತ ಪ್ರತಿಯೊಬ್ಬರನ್ನೂ ಅನುಮಾನದಿಂದಲೇ ನೋಡುತ್ತಿರಬೇಕಾಗುತ್ತದೆ.

ಯಾಕೆಂದರೆ ಎಲ್ಲ ನಗುವೂ ನಗುವಲ್ಲ. ಜೋಕಿಗೆ ಎರಡು ಭಾಗ. ಸನ್ನಿವೇಶ ಕಟ್ಟುವ ಮಾತಿಗೆ ನಾವು ಸೆಟಪ್ ಅನ್ನುತ್ತೇವೆ, ಕೊನೆಗೆ ನಗಿಸುವ ಮಾತಿಗೆ ಪಂಚ್‌ಲೈನ್. ನಿಜವಾದ ನಗು ಪಂಚ್‌ಲೈನ್ ಮುಗಿದು ಒಂದು ಉಸಿರಿನಷ್ಟು ತಡವಾಗಿ ಬರುತ್ತದೆ. ಎಲ್ಲೋ ಒಂದು ಕಡೆ ಹುಟ್ಟಿ ಪಕ್ಕದವರಿಗೆ ಹತ್ತಿಕೊಳ್ಳುತ್ತದೆ, ನಿಲ್ಲುವಾಗಲೂ ಒಮ್ಮೆಲೇ ನಿಲ್ಲುವುದಿಲ್ಲ. ಮುಂದಿನ ಸಾಲಿನ ದೊಡ್ಡವರದು ಮರ್ಯಾದೆಯ ನಗು, ಅದನ್ನು ನಂಬಬಾರದು. ನಮ್ಮ ಕಡೆಯ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಾರೆ, ಅವರ ಭುಜ ನೋಡಬೇಕು. ಆದರೆ ಒಟ್ಟಿಗೆ ಶುರುವಾಗಿ ಒಟ್ಟಿಗೆ ನಿಲ್ಲುವ ನಗು ಕೇಳಿದರೆ, ಯಾರೋ ಹೇಳಿ ಕೂರಿಸಿದ್ದಾರೆ ಎಂದೇ ತಿಳಿಯಬೇಕು.

ಆ ಬೇಸಿಗೆಯಲ್ಲಿ ಬಸವಕಲ್ಯಾಣದ ಸೀರೆ ವ್ಯಾಪಾರಿ ವೀರಪ್ಪನವರು ಸುತ್ತಲಿನ ಊರುಗಳಲ್ಲಿ ವರ್ಷವಿಡೀ ಹಾಸ್ಯ ಕಾರ್ಯಕ್ರಮ ನಡೆಸಲು ಮುಂದಾಗಿದ್ದರು. ಅದಕ್ಕೆ ಒಬ್ಬರೇ ಕಲಾವಿದರು ಸಾಕು ಎಂಬುದು ಅವರ ವಿಚಾರ. ಕಣದಲ್ಲಿ ಇಬ್ಬರಿದ್ದೆವು. ಒಬ್ಬಳು ನಾನು, ಇನ್ನೊಬ್ಬ ಮಂಠಾಳದ ಇಕ್ಬಾಲ್. ಮಾತಿನಲ್ಲಿ ಬಲು ಚುರುಕು, ನನಗಿಂತ ಹತ್ತು ವರ್ಷ ಚಿಕ್ಕವನು. ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ಬಸವಕಲ್ಯಾಣದ ಫಂಕ್ಷನ್ ಹಾಲಿನಲ್ಲಿ ಅರ್ಧರ್ಧ ಗಂಟೆ ನಗಿಸಬೇಕು, ನೋಡಿ ತೀರ್ಮಾನಿಸುತ್ತೇನೆ ಅಂದರು. ಜೂನ್‌ನಲ್ಲಿ ವಾಪಸು ಬಾ ಎಂದು ಹಳೆಯ ಶಾಲೆಯವರು ಕರೆಯುತ್ತಿದ್ದರು. ಈ ಕಾರ್ಯಕ್ರಮ ಕೈತಪ್ಪಿದರೆ ಮತ್ತೆ ಸೀಮೆಸುಣ್ಣ ಹಿಡಿಯುವುದೆಂದು ಮನೆಯಲ್ಲಿ ಮಾತಾಗಿತ್ತು. ಆ ಮಾತು ಎತ್ತಿದವರು ನನ್ನ ಅತ್ತೆ ಸಂಗಮ್ಮ.

ಅತ್ತೆಯ ಬಗ್ಗೆ ಹೇಳಲೇಬೇಕು. ನಾನು ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಜೋಕುಗಳನ್ನು ಅಭ್ಯಾಸ ಮಾಡುವಾಗ ಅವರು ಅಲ್ಲೇ ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿರುತ್ತಿದ್ದರು. ಅರ್ಧ ಜೋಕುಗಳು ಅವರ ಮೇಲೆಯೇ ಇರುತ್ತಿದ್ದವು. ಅವರು ಒಂದು ದಿನವೂ ನಗಲಿಲ್ಲ, ಬೈಯಲೂ ಇಲ್ಲ. ಒಮ್ಮೆ ಮಾತ್ರ, "ಮನಿ ಮಾತು ಮಂದಿ ಮುಂದ ಯಾಕವ್ವಾ ಸುನಂದಾ?" ಅಂದರು. ಆ ಭಾನುವಾರ ಬೆಳಿಗ್ಗೆ ತಮ್ಮ ತವರೂರು ಘಾಟಬೋರಾಳದಲ್ಲಿ ಯಾರದೋ ಕೂಸಿನ ತೊಟ್ಟಿಲ ಕಾರ್ಯಕ್ರಮವೆಂದು ಹೇಳಿ ಹೊರಟುಹೋದರು. ನನ್ನ ಹಣೆಬರಹ ತೀರ್ಮಾನವಾಗುವ ದಿನವೇ ಇವರಿಗೆ ತೊಟ್ಟಿಲು ಕಂಡಿತಲ್ಲ ಎಂದು ಹೊಟ್ಟೆ ಉರಿಯಿತು.

ಹಾಲ್ ತುಂಬಿತ್ತು. ಪರದೆಯ ಸಂದಿನಿಂದ ಇಣುಕುತ್ತಿದ್ದ ಇಕ್ಬಾಲ್ ನನ್ನ ಕಡೆ ತಿರುಗಿ, "ಅಕ್ಕಾ, ಇವತ್ತ ಎಡಗಡೆ ಮೂಲ್ಯಾಗ ಮಸ್ತ್ ಮಂದಿ ಬಂದಾರ್ರಿ," ಅಂದ. ಅಂದು ಸಣ್ಣಗೆ ನಕ್ಕ. ಆ ನಗು ನನಗೆ ಸರಿಕಾಣಲಿಲ್ಲ. ಅಷ್ಟರಲ್ಲಿ ನನ್ನ ಹೆಸರು ಕೂಗಿದರು.

ಬಸ್ಸಿನ ಜೋಕಿನಿಂದ ಶುರುಮಾಡಿದೆ. ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವುದು ಎಲ್ಲರಿಗೂ ಗೊತ್ತು. ನಾನೊಮ್ಮೆ ಅಂಥ ಟವೆಲ್ ಸರಿಸಿ ಕೂತೆ. ಟವೆಲಿನ ಯಜಮಾನ ಬಂದು, "ಅಕ್ಕಾ, ಏಳ್ರಿ, ಅಲ್ಲಿ ನಾ ಕುಂತೀನಿ," ಅಂದ. ಇದು ಎಲ್ಲಿಯೂ ಕೈಕೊಡದ ಜೋಕು. ಅವತ್ತು "ಅಕ್ಕಾ, ಏಳ್ರಿ" ಅನ್ನುವಷ್ಟರಲ್ಲಿ ಎಡಮೂಲೆಯಿಂದ ಹೋ ಎಂದು ನಗು ಎದ್ದಿತು. ಇಪ್ಪತ್ತು ಇಪ್ಪತ್ತೈದು ಹೆಂಗಸರು, ಒಂದೇ ದನಿ. ಪಂಚ್‌ಲೈನ್ ಆ ಗದ್ದಲದಲ್ಲಿ ಮುಳುಗಿತು. ಉಳಿದವರು ಏನಾಯಿತೆಂದು ಕುತ್ತಿಗೆ ತಿರುಗಿಸಿ ನೋಡಿದರು. ನಗು ನಲ್ಲಿ ಬಂದ್ ಮಾಡಿದ ಹಾಗೆ ಒಮ್ಮೆಲೇ ನಿಂತಿತು.

ಎರಡನೇ ಜೋಕಿಗೂ ಅದೇ, ಮೂರನೆಯದಕ್ಕೂ ಅದೇ. ಪಂಚ್‌ಲೈನಿಗಿಂತ ಎರಡು ಮಾತು ಮೊದಲೇ ನಗು. ಹೊಗಳಿಕೆಗೆ ಕೂರಿಸಿದವರಾದರೆ ಜೋಕು ಮುಗಿದ ಮೇಲೆ ನಗುತ್ತಾರೆ. ಮೊದಲೇ ನಕ್ಕರೆ ಜೋಕು ಸಾಯುತ್ತದೆ, ನಮ್ಮ ಕಸುಬಿನವರಿಗೆ ಮಾತ್ರ ಗೊತ್ತಿರುವ ಸಂಗತಿ ಇದು. ಹಾಗಾದರೆ ಇದು ಕಸುಬಿನವರದೇ ಕಿತಾಪತಿ! ಪರದೆ ಪಕ್ಕದಲ್ಲಿ ಇಕ್ಬಾಲ್ ಕೈಕಟ್ಟಿ ನಿಂತಿದ್ದ. ಎಲಾ ಇವನ, ಅಕ್ಕಾ ಅಕ್ಕಾ ಅನ್ನುತ್ತಲೇ ಕುತ್ತಿಗೆ ಕೊಯ್ದನಲ್ಲ ಅನ್ನಿಸಿತು. ಮುಂದಿನ ಸಾಲಿನಲ್ಲಿ ವೀರಪ್ಪನವರು ಗಡಿಯಾರ ನೋಡಿಕೊಂಡರು.

ಆಗಲೇ ನನ್ನ ಕಣ್ಣು ಎಡಮೂಲೆಯ ಕೊನೆಯ ಸಾಲಿಗೆ ಹೋಯಿತು. ಆ ಹೆಂಗಸರ ಹಿಂದೆ ಹಸಿರು ಇಳಕಲ್ ಸೀರೆ ಉಟ್ಟು, ಮುಖ ಗಂಟುಹಾಕಿಕೊಂಡು ಕೂತವರು ನನ್ನ ಅತ್ತೆ. ಘಾಟಬೋರಾಳದ ತೊಟ್ಟಿಲು ಬಸವಕಲ್ಯಾಣಕ್ಕೆ ಯಾವಾಗ ಬಂತು? ಶಾಲೆಗೆ ಮರಳಬೇಕೆಂದು ಹಟ ಹಿಡಿದವರು ಅವರೇ. ಇಕ್ಬಾಲನ ಮೇಲಿನ ಅನುಮಾನ ನಿಂತ ನಿಲುವಿನಲ್ಲೇ ಅತ್ತೆಯ ಮೇಲೆ ತಿರುಗಿತು. ಮಾತು ನಿಲ್ಲಿಸಿ ಹಣೆಯ ಬೆವರು ಒರೆಸಿಕೊಳ್ಳಲು ಬಲಗೈ ಎತ್ತಿದೆ.

ಎಡಮೂಲೆ ಹೋ ಎಂದು ನಕ್ಕಿತು.

ನಾನು ಏನೂ ಹೇಳಿರಲಿಲ್ಲ. ಕೈ ಇಳಿಸಿದೆ, ನಗು ನಿಂತಿತು. ವಿಜ್ಞಾನ ಕಲಿಸಿದವಳು ನಾನು, ಒಂದು ಪ್ರಯೋಗದಿಂದ ನಂಬುವವಳಲ್ಲ. "ನಿನ್ನಿ ನಮ್ಮ ಮನಿಗೆ ತೊಗರಿ ಬ್ಯಾಳಿ ತಂದ್ವಿ," ಅಂದು ಸುಮ್ಮನೆ ನಿಂತೆ. ಯಾರೂ ಮಿಸುಕಲಿಲ್ಲ. ಬಲಗೈ ಎತ್ತಿದೆ. ಮತ್ತೆ ಹೋ! ಈಗ ಇಡೀ ಹಾಲಿಗೆ ಸಂಶಯ ಬಂದಿತ್ತು. ವೀರಪ್ಪನವರು ಹಿಂತಿರುಗಿ ಮೂಲೆಯನ್ನು, ಆಮೇಲೆ ನನ್ನನ್ನು, ಕಳ್ಳರನ್ನು ನೋಡುವ ಹಾಗೆ ನೋಡಿದರು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಮೈಕಿನಲ್ಲೇ ಕೇಳಿದೆ: "ಯಾರ್ರೀ ನೀವು? ಯಾರು ಕಳಿಸ್ಯಾರ ನಿಮಗ?"

ಮೂಲೆಯಲ್ಲಿ ಗುಸುಗುಸು ಆಯಿತು. ಕೊನೆಗೆ ಮುಂದಿದ್ದ ಒಬ್ಬ ಅಜ್ಜಿ ಮೊಣಕಾಲು ಹಿಡಿದುಕೊಂಡು ಎದ್ದಳು. ಕಾಶೆಮ್ಮ ಎಂಬ ಹೆಸರು ನನಗೆ ಆಮೇಲೆ ಗೊತ್ತಾಯಿತು. "ಯಾರೂ ಕಳಿಸಿಲ್ಲ ತಂಗಿ, ನಾವೇ ಬಂದೀವಿ. ಘಾಟಬೋರಾಳದವ್ರು. ನಿಮ್ಮತ್ತಿ ಮುಯ್ಯಿ ತೀರಸಾಕ ಬಂದೀವಿ."

"ಎಂಥಾ ಮುಯ್ಯಿರಿ?"

"ನನ್ನ ಮೊಮ್ಮಗಳ ಮದಿವ್ಯಾಗ ಸಂಗಮ್ಮ ಬಂದು ಒಲಿ ಮುಂದ ಕುಂತು ರೊಟ್ಟಿ ಬಡದಾಳ. ಈಕಿ ಮನಿ ಕಾರ್ಯಕ್ಕೂ ಬಡದಾಳ, ಆಕಿ ಮನಿ ಕಾರ್ಯಕ್ಕೂ ಬಡದಾಳ. ಈಗ ಸಂಗಮ್ಮನ ಮನ್ಯಾಗ ಕಾರ್ಯ ಬಂತು. ರೊಟ್ಟಿ ಬ್ಯಾಡ, ಬಂದು ನಗ್ರಿ ಅಂದಳು. ಸೊಸಿ ಬಲಗೈ ಎತ್ತಿದಾಗ ನಗಬೇಕು ಅಂತ ಹೇಳ್ಯಾಳ."

ಒಬ್ಬರ ಮನೆಯ ಕಾರ್ಯಕ್ಕೆ ದುಡಿದರೆ ನಮ್ಮ ಮನೆಯ ಕಾರ್ಯಕ್ಕೆ ಅವರು ಬಂದು ದುಡಿಯುವುದು ನಮ್ಮಲ್ಲಿ ನಡೆದುಬಂದದ್ದು. ಅದನ್ನು ನಗುವಿನಲ್ಲಿ ತೀರಿಸಿಕೊಂಡವರು ನನ್ನ ಅತ್ತೆಯೊಬ್ಬರೇ ಇರಬೇಕು. ಮೆಂತ್ಯೆ ಬಿಡಿಸುತ್ತಲೇ ಅವರು ನನ್ನನ್ನು ಅಳೆದಿದ್ದರು. ಪಂಚ್‌ಲೈನ್ ಹತ್ತಿರ ಬಂದಾಗ ನನ್ನ ಬಲಗೈ ತಾನಾಗಿ ಮೇಲೇಳುತ್ತದೆ, ಅದು ನನಗೇ ತಿಳಿದಿರಲಿಲ್ಲ.

"ಅಜ್ಜಿ, ಕೈ ನೋಡಿ ನಗೋದಲ್ರಿ, ಮಾತು ಕೇಳಿ ನಗಬೇಕು," ಅಂದೆ.

"ಮಾತು ಎಲ್ಲಿ ಕೇಳಸ್ತಾವ ತಂಗಿ, ನಾವು ಇಷ್ಟು ಜೋರ ನಗಾಕತ್ತೀವಿ!"

ಒಂದು ಉಸಿರಿನಷ್ಟು ಹಾಲ್ ಸುಮ್ಮನಿತ್ತು. ಬಲಗಡೆ ಯಾರೋ ಒಬ್ಬರು ಕಿಸಕ್ಕೆಂದರು. ಪಕ್ಕದವರಿಗೆ ಹತ್ತಿತು, ನಡುವಿನ ಸಾಲು ದಾಟಿತು, ಹಿಂದಿನ ಕುರ್ಚಿಗಳು ಕಿರುಗುಟ್ಟಿದವು. ಇದು ಅಸಲಿ ನಗು, ನನ್ನ ಕಿವಿಗೆ ಅದರಲ್ಲಿ ಅನುಮಾನವಿರಲಿಲ್ಲ. ನನ್ನ ಜೊತೆ ನಗುತ್ತಿದ್ದಾರೋ ನನ್ನನ್ನು ನೋಡಿ ನಗುತ್ತಿದ್ದಾರೋ ಎಂಬುದರಲ್ಲಿ ಮಾತ್ರ ಇತ್ತು. "ಮುಯ್ಯಿ ತೀರಿತ್ರಿ ಅವ್ವಗೋಳಿರಾ," ಅಂದೆ. "ಇನ್ಮುಂದ ಬೇಕಾದ್ರ ನಗ್ರಿ, ಬ್ಯಾಡಾದ್ರ ಬಿಡ್ರಿ."

ಮೈಕನ್ನು ಎರಡೂ ಕೈಯಿಂದ ಹಿಡಿದು ಕೊನೆಯ ಜೋಕು ಹೇಳಿದೆ. ಅದು ಅತ್ತೆಯದೇ. ಗಂಡನ ಅಣ್ಣನ ಫೋನ್ ಬಂದರೆ ಅತ್ತೆ ತಲೆಮೇಲೆ ಸೆರಗು ಎಳೆದುಕೊಂಡೇ ಮಾತಾಡುವುದು. ಅತ್ತಿ, ಇದು ವಿಡಿಯೋ ಕಾಲ್ ಅಲ್ರಿ, ಅವರಿಗೆ ನೀವು ಕಾಣಂಗಿಲ್ಲ ಅಂದರೆ, "ಅವರಿಗೆ ಕಾಣಂಗಿಲ್ಲ, ನನಗ ಕಾಣತದಲ್ಲ?" ಅನ್ನುತ್ತಾರೆ. ಘಾಟಬೋರಾಳದ ಹೆಂಗಸರು ಈ ಸಲ ತಡವಾಗಿ, ಒಬ್ಬೊಬ್ಬರಾಗಿ, ಸೆರಗು ಬಾಯಿಗಿಟ್ಟು ನಕ್ಕರು. ಭುಜಗಳು ಕುಣಿಯುತ್ತಿದ್ದವು. ಕೊನೆಯ ಸಾಲಿನ ಹಸಿರು ಸೀರೆ ಮಾತ್ರ ಅಲುಗಲಿಲ್ಲ.

ನನ್ನ ನಂತರ ಇಕ್ಬಾಲ್ ಚೆನ್ನಾಗಿಯೇ ಮಾಡಿದ. ಎಲ್ಲ ಮುಗಿದ ಮೇಲೆ ವೀರಪ್ಪನವರು ನನ್ನನ್ನು ಬದಿಗೆ ಕರೆದು ದನಿ ತಗ್ಗಿಸಿದರು. "ಖರೇ ಹೇಳ್ರಿ ಮೇಡಂ, ಆ ಅಜ್ಜಿಗೆ ನೀವೇ ಕಲಿಸಿ ಕರ್ಕೊಂಡು ಬಂದಿದ್ರಿ ಹೌದಲ್ಲ?" ದೇವರಾಣೆ ಇಲ್ಲ ಅಂದೆ. ನಂಬಲಿಲ್ಲ. "ಇರಲಿ ಬಿಡ್ರಿ. ವರ್ಷದ ಕಾರ್ಯಕ್ರಮ ನಿಮಗೇ. ಆದ್ರ ಆ ಅಜ್ಜಿಗೆ ಎಲ್ಲಾ ಊರಿಗೂ ಕರ್ಕೊಂಡು ಬರ್ರಿ." ಆ ಮುಯ್ಯಿ ತೀರಿಹೋಯಿತು, ಮತ್ತೆ ಕರೆಯಲು ಬರುವುದಿಲ್ಲ ಅಂದೆ. ಅವರು ನಕ್ಕರು. ಅದು ಯಾವ ಬಗೆಯ ನಗು ಎಂಬುದು ಇವತ್ತಿಗೂ ನನಗೆ ಬಗೆಹರಿದಿಲ್ಲ.

ಹೊತ್ತು ಇಳಿಯುವಾಗ ಅದೇ ಹೆಂಗಸರ ಟೆಂಪೋದಲ್ಲಿ ಹೊರಟೆವು. ಕೆಲಸ ಉಳಿಯಿತೆಂಬ ಖುಷಿಗಿಂತ ಪಕ್ಕದಲ್ಲಿ ಕೂತ ಅತ್ತೆಯೇ ನನ್ನ ಎದೆಯ ಮೇಲೆ ಕೂತಂತಿತ್ತು. ಹೆದ್ದಾರಿಗೆ ಬಂದ ಮೇಲೆ ತಡೆಯಲಾರದೆ ಕೇಳಿಯೇಬಿಟ್ಟೆ.

"ಅತ್ತಿ, ನಾ ಸಾಲಿಗೆ ಹೋಗಲಿ ಅಂತಿದ್ರಿ. ಮತ್ತ ಇದೆಲ್ಲಾ ಯಾಕ ಮಾಡಿದ್ರಿ?"

"ಸಾಲಿ ಹೋಗು ಅನ್ನೋದು ನಾನು ನೀನು ಮನ್ಯಾಗ ಆಡೋ ಮಾತು. ಮಂದಿ ಮುಂದ ನನ್ನ ಸೊಸಿ ಸೋಲಬಾರದು," ಅಂದರು.

ಆದರೂ ನನ್ನ ಅನುಮಾನದ ಬುದ್ಧಿ ಬಿಡಬೇಕಲ್ಲ! "ಹಂಗಾದ್ರ ನೀವ್ಯಾಕ ಒಮ್ಮೆನೂ ನಗಲಿಲ್ರಿ?"

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಾ ನಕ್ಕೋತ ಕುಂತ್ರ ಇವರ ಮ್ಯಾಲ ಕಣ್ಣಿಡೋರು ಯಾರು? ಆ ಕಾಶೆಮ್ಮ ನಡುವ ನಿದ್ದಿ ಹೊಡ್ಯಾಕತ್ತಿದ್ಲು."

ಈಗ ನಾನು ಮೈಕನ್ನು ಎರಡು ಕೈಯಲ್ಲೇ ಹಿಡಿಯುತ್ತೇನೆ. ನಗುವವರನ್ನು ಈಗಲೂ ಅನುಮಾನಿಸುತ್ತೇನೆ, ಅದು ಕಸುಬಿನ ಗುಣ, ಬಿಡಲಾಗದು. ಆದರೆ ಹಿಂದಿನ ಸಾಲಿನಲ್ಲಿ ಯಾರಾದರೂ ಮುಖ ಗಂಟುಹಾಕಿಕೊಂಡು ಕೂತಿದ್ದರೆ ಮೊದಲಿನ ಹಾಗೆ ಹೆದರುವುದಿಲ್ಲ, ಸಿಟ್ಟಾಗುವುದೂ ಇಲ್ಲ. ಯಾರಿಗೆ ಗೊತ್ತು, ನನ್ನ ಸಲುವಾಗಿಯೇ ಅವರು ಡ್ಯೂಟಿಯ ಮೇಲೆ ಇದ್ದಾರು.