ಬಾಣಂತಿಗೆ ನೀರೆರೆಯುವ ಕದರಮ್ಮ

ಮೂರನೆಯ ಚೊಂಬಿನ ನೀರು ನೆತ್ತಿಯ ಮೇಲೆ ಬಿದ್ದಾಗ ಬಾಣಂತಿ ಓಬಮ್ಮ ಬಾಯಿ ತೆರೆದಳು. ಕೆನ್ನೆಯಿಂದ ಇಳಿಯುತ್ತಿದ್ದ ಬಿಸಿನೀರನ್ನು ಗುಟುಕರಿಸಿ ತಲೆ ತಗ್ಗಿಸಿದಳು. ನೀರೆರೆಯುತ್ತಿದ್ದ ಸೂಲಗಿತ್ತಿ ಕದರಮ್ಮನಿಗೆ ಅವಳ ಗಂಟಲು ಆಡಿದ್ದು ಕಂಡಿತು.

ಗೌಡಗೆರೆ, 1936ರ ಬೇಸಿಗೆ. ಹೆರಿಗೆಯಾಗಿ ಒಂಬತ್ತು ದಿನವಾಗಿತ್ತು. ಕೂಸು ಗಟ್ಟಿಯಾಗಿಯೇ ಹುಟ್ಟಿತ್ತು. ಆದರೆ ಎರಡು ದಿನದಿಂದ ತಾಯಿಗೆ ಹಾಲು ಕಡಿಮೆಯಾಗಿ, ನಾಲ್ಕು ಸಲ ಚೀಪಿ ಅಳಲು ಶುರುಮಾಡುತ್ತಿತ್ತು. ಬಾಣಂತಿಗೆ ಕುಡಿಯಲು ದಿನಕ್ಕೆ ಒಂದು ತೆಂಗಿನ ಚಿಪ್ಪಿನಷ್ಟು ಬಿಸಿನೀರು, ಅದು ಆ ಮನೆಯ ಕಟ್ಟಳೆ. ಹೆಚ್ಚು ಕುಡಿದರೆ ಮೈಗೆ ಶೀತ ಹತ್ತುತ್ತದೆ, ಹೊಟ್ಟೆ ಬರುತ್ತದೆ. ಮೆಣಸು ಬೆಳ್ಳುಳ್ಳಿಯ ಖಾರ ಮಾತ್ರ ಎರಡು ಹೊತ್ತೂ ಧಾರಾಳ. ಅತ್ತೆ ಬೊಮ್ಮಕ್ಕ ನೀರಿನ ಗಡಿಗೆಯ ಪಕ್ಕದಲ್ಲೇ ಚಾಪೆ ಹಾಸಿಕೊಂಡಿದ್ದಳು.

ಇಪ್ಪತ್ತು ವರ್ಷ ಕದರಮ್ಮನೂ ಇದನ್ನೇ ಹೇಳಿಕೊಂಡು ಬಂದವಳು. ಹಿಂದಿನ ವರ್ಷ ಸೂಲಗಿತ್ತಿಯರನ್ನು ಶಿರಾಕ್ಕೆ ಕರೆಸಿ ತಿಳಿವಳಿಕೆ ಹೇಳಿದ ನರ್ಸೊಬ್ಬಳು, ಹಾಲೂಡಿಸುವವಳಿಗೆ ನೀರು ಬೇಕೇ ಬೇಕು ಎಂದಿದ್ದಳು. ಮೈ ಒರೆಸಿ ಬಾಣಂತಿಯನ್ನು ಒಳಗೆ ಮಲಗಿಸಿದ ಮೇಲೆ ಕದರಮ್ಮ ಆ ಮಾತನ್ನು ಬೊಮ್ಮಕ್ಕನ ಮುಂದಿಟ್ಟಳು.

"ಆ ನರ್ಸಮ್ಮಂಗೆ ಎಷ್ಟು ಮಕ್ಳು?"

"ಇನ್ನೂ ಮದ್ವೆ ಆಗಿಲ್ಲ ಕಣಕ್ಕ."

"ಅಂಗಾದ್ರೆ ಆಗ್ಬುಟ್ಟು ಬಂದು ಹೇಳ್ಲಿ."

ಕದರಮ್ಮ ವಾದಕ್ಕೆ ನಿಲ್ಲಲಿಲ್ಲ. ಮಾರನೆಯ ದಿನ ಸೆರಗಿನ ತುದಿಯಲ್ಲಿ ಒಂದು ಚಿಟಿಕೆ ಜೀರಿಗೆ ಕಟ್ಟಿಕೊಂಡು ಬಂದಳು. ದೊಡ್ಡ ತಪ್ಪಲೆಯ ತುಂಬ ನೀರಿಟ್ಟು, ಜೀರಿಗೆ ಹಾಕಿ ಕುದಿಸಿದಳು. ಇದು ಹಾಲು ಬರಿಸುವ ಕಷಾಯ, ಹೊತ್ತಿಗೊಂದು ಲೋಟದಂತೆ ಸಂಜೆಯೊಳಗೆ ಮುಗಿಯಬೇಕು ಎಂದಳು. ನೀರಿಗೆ ಕಟ್ಟಳೆಯಿತ್ತು, ಕಷಾಯಕ್ಕೆ ಇರಲಿಲ್ಲ.

ಬೊಮ್ಮಕ್ಕ ಅಂಗೈಗೆ ಒಂದು ಗುಟುಕು ಬಿಟ್ಟುಕೊಂಡು ರುಚಿ ನೋಡಿದಳು. "ಇದು ನೀರೇ ಕಣೇ ಕದರಿ."

"ತೆಳ್ಳಗಿದ್ರೇ ಗುಣ ಕಣಕ್ಕ."

ಬೊಮ್ಮಕ್ಕ ಲೋಟ ಹಿಡಿದು ಬಾಣಂತಿ ಕೂರುವ ಬಚ್ಚಲ ಕಲ್ಲಿನ ಕಡೆ ನೋಡಿದಳು. ಅವಳ ನಾಲ್ಕು ಬಾಣಂತನಗಳಲ್ಲಿ ನೀರೆರೆದವಳು ಕದರಮ್ಮನ ಅತ್ತೆ.

"ನಾನೂ ಅಲ್ಲಿ ಕೂತು ಬಾಯಿ ತೆರೀತಿದ್ದೆ. ನಿಮ್ಮತ್ತೆ ಕಂಡ್ರೂ ಕಾಣ್ದಂಗೆ ಎರಡು ಚೊಂಬು ಜಾಸ್ತಿ ಹುಯ್ಯೋಳು," ಎಂದಳು. ಆಮೇಲೆ ದನಿ ತಗ್ಗಿಸಿ, "ನಮ್ಮತ್ತೇಗೆ ಗೊತ್ತಾಗ್ನೇ ಇಲ್ಲ."

"ನಿಮ್ಮತ್ತೇನೂ ಅಂಗೇ ಕುಡಿದಿರ್ಬೇಕು ಬುಡು."

ಬೊಮ್ಮಕ್ಕ ನಕ್ಕಳು. ಲೋಟವನ್ನು ತಾನೇ ಸೊಸೆಯ ಕೈಗೆ ಕೊಟ್ಟಳು. ಓಬಮ್ಮ ಒಂದೇ ಉಸಿರಿಗೆ ಕುಡಿದು ಲೋಟವನ್ನು ಮತ್ತೆ ಮುಂದೆ ಹಿಡಿದಳು.

ಕಷಾಯ ಶುರುವಾದ ನಾಲ್ಕನೆಯ ದಿನ ಕೂಸು ಹೊಟ್ಟೆ ತುಂಬಿ, ಬಾಯಂಚಿನಲ್ಲಿ ಹಾಲು ಸುರಿಸಿಕೊಂಡು ಮಲಗಿತ್ತು. ಊರಲ್ಲಿ ಕದರಮ್ಮನ ಕಷಾಯ ಹೆಸರಾಯಿತು. ಏನೇನು ಬೇರು ಹಾಕುತ್ತೀ ಎಂದು ಕೇಳಿದವರಿಗೆ ಅವಳು, ಅದನ್ನು ಹೇಳಬಾರದು ಎನ್ನುತ್ತಿದ್ದಳು.

ಮರುವರ್ಷ ಬೊಮ್ಮಕ್ಕನ ಮಗಳು ಹೆರಿಗೆಗೆ ತೌರಿಗೆ ಬಂದಳು. ಹೆರಿಗೆಯಾದ ಮೊದಲ ದಿನವೇ ಕಷಾಯದ ತಪ್ಪಲೆ ಒಲೆಯ ಮೇಲಿತ್ತು. ಬೊಮ್ಮಕ್ಕ ಅದಕ್ಕೆ ಜೀರಿಗೆ ಹಾಕಿರಲಿಲ್ಲ.