ದನಿ ಇನ್ನೂ ಪಕ್ವವಾಗಿಲ್ಲ
ಸಹಾರಾ ಮರಳುಗಾಡಿನ ತಮನ್ರಾಸೆತ್ತ್ ಊರಿನ ಅಖಮುಕ್, ಮಗಳ ನಾಮಕರಣಕ್ಕೆ ಬಾರಿಸಬೇಕೆಂದು ಸಂತೆಯಲ್ಲಿ ಐದು ಎಲೆಕ್ಟ್ರಿಕ್ ಗಿಟಾರುಗಳನ್ನು ಒಂಟೆಯ ಹಲ್ಲು ನೋಡುವ ಹಾಗೆ ನೋಡಿ, ಎಲ್ಲಕ್ಕಿಂತ ಅಗ್ಗದ್ದನ್ನು ಕೊಂಡು ತಂದ. “ಮರ ಚೆನ್ನಾಗಿದೆ, ಮಿಕ್ಕಿದ್ದನ್ನ ನಾನೇ ಸರಿ ಮಾಡ್ಕೋತೀನಿ” ಎಂದ. ಮೊದಲು ಬಿರಡೆಗಳು ಬದಲಾದವು, ಆಮೇಲೆ ಮರಳು ಹೊಕ್ಕ ವಾಲ್ಯೂಮ್ ತಿರುಗಣೆ, ಆಮೇಲೆ ದನಿ ಹಿಡಿಯುವ ಪಿಕಪ್ಪು ಮೂರು ಸಲ. ಯಾರಾದರೂ ಬಾರಿಸು ಅಂದರೆ ಮೂರನೇ ಲೋಟ ಚಹಾ ಮುಗಿಯುವ ತನಕ ಅದರ ಕೊರತೆ ಹೇಳುತ್ತಾನೆ, ಕೊನೆಗೆ “ದನಿ ಇನ್ನೂ ಪಕ್ವವಾಗಿಲ್ಲ” ಎಂದು ಎದ್ದುಬಿಡುತ್ತಾನೆ. “ನಿಮ್ಮ ಗಿಟಾರು ಬಸುರಿಯಾಗಿ ಇಪ್ಪತ್ತು ವರ್ಷ ಆಯ್ತಲ್ರೀ, ಈಯೋದು ಯಾವಾಗ?” ಎಂದು ಹೆಂಡತಿ ತಹಾತಿತ್ ಹಂಗಿಸಿದರೂ ಬೆಸುಗೆ ಹಾಕುವ ಕಾದ ಕಡ್ಡಿ ಕೆಳಗಿಡುವುದಿಲ್ಲ. ಮೊನ್ನೆ ಆ ಮಗಳ ಮದುವೆಯಲ್ಲೂ, ಅವಳೇ ಬಾರಿಸೆಂದು ಕೇಳಿದರೆ, “ಹೊಸ ಪಿಕಪ್ಪು ಅಲ್ಜಿಯರ್ಸಿಂದ ಹೊರಟಿದೆ, ತಾಯಿ” ಎಂದ. ಬಾರಿಸಲು ಬಂದ ಹುಡುಗನ ಗಿಟಾರಿನ ತಂತಿ ಹರಿದಾಗ ಮಗಳೇ ಒಳಗಿನಿಂದ ಅಪ್ಪನ ಗಿಟಾರು ತಂದು ಕೊಟ್ಟಳು. ಅವನು ಅದನ್ನೇ ಬಾರಿಸಿದ; ಡೇರೆ ತುಂಬ ಹೆಂಗಸರು ಕೇಕೆ ಹಾಕಿ ಚಪ್ಪಾಳೆ ತಟ್ಟಿದರು. “ಇದಕ್ಕೇನೂ ಆಗಿಲ್ವಲ್ಲ, ಚಿಕ್ಕಪ್ಪ! ಎಲ್ಲಿ, ನೀವೊಂದು ಬಾರಿಸಿ” ಎಂದು ಆ ಹುಡುಗ ಗಿಟಾರನ್ನು ಮುಂದೆ ಹಿಡಿದ. ಅಖಮುಕ್ ಎಡಗೈಯನ್ನು ನಿಲುವಂಗಿಯ ತೋಳಿನೊಳಕ್ಕೆ ಎಳೆದುಕೊಂಡ. ತಂತಿ ಒತ್ತಿ ಒತ್ತಿ ಜಡ್ಡುಗಟ್ಟಬೇಕಿದ್ದ ಆ ಬೆರಳ ತುದಿಗಳು ಹಸುಗೂಸಿನ ಕೆನ್ನೆಯ ಹಾಗೆ ಮೆತ್ತಗಿದ್ದವು.