ಮಹಡಿ ಕೋಣೆಯ ಇನ್ನೊಂದು ಬೀಗದ ಕೈ

ಆಫ್ರಿಕಾದ ಹಾಡು, ಕುಣಿತ, ಸಿನಿಮಾಗಳ ಉತ್ಸವ ನಮ್ಮ ರಾಮನಗರಕ್ಕೆ ಬರುತ್ತದೆಂದು ಬಸ್‌ಸ್ಟ್ಯಾಂಡಿನ ಗೋಡೆಗೆಲ್ಲ ಪೋಸ್ಟರ್ ಅಂಟಿಸಿದ್ದರು. ಊರಿನ ಸಭಾಂಗಣದಲ್ಲಿ ಮೂರು ದಿನ, ಪ್ರವೇಶ ಉಚಿತ. ಆ ‘ಉಚಿತ’ ಎಂಬ ಮಾತೇ ನನಗೆ ಸರಿ ಕಾಣಲಿಲ್ಲ. ಅದೇ ಸಭಾಂಗಣದಲ್ಲಿ ಹಿಂದೊಮ್ಮೆ ಉಚಿತ ಆರೋಗ್ಯ ತಪಾಸಣೆ ಎಂದು ಕರೆದು, ಎರಡು ಗಂಟೆ ಕೂರಿಸಿ, ಕೊನೆಗೆ ಬೆನ್ನುನೋವಿನ ಹಾಸಿಗೆ ಮಾರಲು ನೋಡಿದ್ದರು. ಇದೂ ಅಂಥದ್ದೇ ಏನೋ ಇರಬೇಕು ಅಂದುಕೊಂಡೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ನಮ್ಮ ಸ್ಕೂಲಿನ ವಿಜ್ಞಾನದ ಮೇಷ್ಟ್ರು ಆ ಉತ್ಸವಕ್ಕೆ ಓಡಾಡುತ್ತಿದ್ದರು. ಒಂದು ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೆದುರೇ ಕೇಳಿಬಿಟ್ಟರು. “ಮೇಡಂ, ಲಾಡ್ಜಲ್ಲಿ ರೂಮು ಸಾಲ್ತಾ ಇಲ್ಲ. ಕುಣಿಯೋ ಹೆಣ್ಮಕ್ಳನ್ನ ಮೇಷ್ಟ್ರುಗಳ ಮನೇಲಿ ಇಳಿಸ್ತಾ ಇದೀವಿ. ನಿಮ್ ಮಹಡಿ ರೂಮು ಖಾಲಿ ಐತಲ್ಲ?” ಅಷ್ಟು ಜನರ ಮುಂದೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಒಬ್ಬಳಾದರೆ ಮಾತ್ರ ಎಂದೆ.

ಉಗಾಂಡದ ಹುಡುಗಿ. ಬೆಂಗಳೂರಿನಲ್ಲಿ ಫಾರ್ಮಸಿ ಓದುತ್ತ, ತನ್ನ ದೇಶದವರ ಜೊತೆ ಕುಣಿಯುತ್ತಿದ್ದಳು. ಕೋಣೆಗೆ ಕರೆದುಕೊಂಡು ಹೋದೆ. ಹೆಗಲ ಮೇಲಿನ ದೊಡ್ಡ ಬ್ಯಾಗನ್ನು ಇಳಿಸುವ ಮೊದಲೇ ಮೊಬೈಲ್ ತೆಗೆದು ಗೋಡೆ, ಸ್ವಿಚ್ಚು, ಮಂಚದ ಕಾಲು, ಬಾತ್‌ರೂಮಿನ ಬಿರುಕು ಬಿಟ್ಟ ಬೇಸಿನ್ನು ಎಲ್ಲವನ್ನೂ ವಿಡಿಯೋ ಮಾಡಿಕೊಂಡಳು. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಆಮೇಲೆ ಇಂಗ್ಲಿಷಿನಲ್ಲಿ ಕೇಳಿದಳು, “ಆಂಟಿ, ಈ ಬೀಗಕ್ಕೆ ಇನ್ನೊಂದು ಕೀ ಇದೆಯಾ?”

“ಇಲ್ಲ” ಎಂದೆ. ಇತ್ತು. ಕೆಳಗಡೆ ಬೀರುವಿನಲ್ಲಿತ್ತು. ಯಾಕೆ ಸುಳ್ಳು ಹೇಳಿದೆನೋ, ಯೋಚಿಸುವ ಮೊದಲೇ ಬಾಯಿಗೆ ಬಂದಿತ್ತು.

ನನ್ನ ಯಜಮಾನರು ತಿಪ್ಪಸಂದ್ರದ ಕಡೆಯವರು. ಅಲ್ಲಿ ನಮ್ಮ ಹಿಪ್ಪುನೇರಳೆ ತೋಟವನ್ನು ನೋಡಿಕೊಂಡು ಸಂಜೆ ಮನೆಗೆ ಬರುತ್ತಾರೆ. ವಿಡಿಯೋ ವಿಷಯ ಹೇಳಿದ್ದಕ್ಕೆ ಟವೆಲ್ಲು ಕೊಡವುತ್ತ ನಿಂತುಬಿಟ್ಟರು.

“ನಮ್ ಮನೆ ವಿಡಿಯೋ ಇವಳಿಗ್ಯಾಕ್ಲೇ? ನಾಳೆ ಎಲ್ಲಿಗಾದ್ರೂ ಹಾಕ್ಬುಟ್ಟಾಳು. ಒಸಿ ಹುಷಾರಾಗಿರು ಕಣೆ.”

ಅವತ್ತು ದೇವರ ಮನೆಯ ಬೆಳ್ಳಿ ದೀಪಗಳನ್ನು ಎತ್ತಿ ಬೀರುವಿನಲ್ಲಿಟ್ಟೆ. ಊಟಕ್ಕೆ ಬಡಿಸುವಾಗ ಅವಳ ಕೈಯನ್ನೇ ನೋಡುತ್ತಿದ್ದೆ. ಅವಳೂ ಕಡಿಮೆಯವಳಲ್ಲ, ಸಾರು ಮೂಸಿ ನೋಡಿ, ಇದರಲ್ಲಿ ಏನೇನು ಹಾಕಿದ್ದೀರಿ ಎಂದು ಎರಡು ಸಲ ಕೇಳಿದಳು.

ಮರುದಿನ ಬೆಳಿಗ್ಗೆ ಅವಳು ರಿಹರ್ಸಲಿಗೆ ಹೋದ ಮೇಲೆ ನಾನು ಆ ಕೀ ಹಿಡಿದು ಮಹಡಿ ಹತ್ತಿದೆ. ನಲ್ಲಿ ಸೋರುತ್ತಿದೆಯೇನೋ ನೋಡೋಣ ಎಂದು ನನಗೆ ನಾನೇ ಹೇಳಿಕೊಂಡೆ. ನಲ್ಲಿ ಸೋರುತ್ತಿರಲಿಲ್ಲ. ಬ್ಯಾಗು ಮಂಚದ ಮೇಲಿತ್ತು, ಜಿಪ್ ಎಳೆದೆ. ಬಟ್ಟೆಗಳ ಕೆಳಗೆ ಕೈಗೆ ಕೂದಲು ತಗುಲಿತು. ಹೊರಗೆ ತೆಗೆದರೆ ಉದ್ದ ಬಿಳಿ ಕೂದಲಿನ ಮೇಕೆ ತೊಗಲು, ಎರಡೂ ತುದಿಗೆ ದಾರ. ಮಾಟ, ಮಂತ್ರ ಎಂದು ಏನೇನೋ ತಲೆಗೆ ಬಂತು. ಮಕ್ಕಳಿಗೆ ಮೂಢನಂಬಿಕೆಯ ಮೇಲೆ ಪ್ರಬಂಧ ಬರೆಸುವವಳು ನಾನೇ. ತೊಗಲನ್ನು ಒಳಗೆ ತುರುಕಿ, ಬೀಗ ಹಾಕಿ ಕೆಳಗಿಳಿದು, ಮಾಟವೇ ಇರಬೇಕೆಂದು ಯಜಮಾನರಿಗೆ ಫೋನ್ ಮಾಡಿ ಹೇಳಿದೆ.

ಮಧ್ಯಾಹ್ನ ಅವಳು ಬಂದಳು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ತುದಿಯಿಂದ ಕರೆದಳು, “ಆಂಟಿ, ಒಂದ್ನಿಮಿಷ ಬನ್ನಿ.” ಹೋದೆ.

“ನಿಮ್ಮ ಹತ್ತಿರ ಇನ್ನೊಂದು ಕೀ ಇದೆ.”

“ನಲ್ಲಿ ಸೋರ್ತಿತ್ತು, ನೋಡೋಣ ಅಂತ...”

“ನಲ್ಲಿ ಬ್ಯಾಗಲ್ಲಿ ಇರಲ್ಲ ಆಂಟಿ.” ಜಿಪ್ಪನ್ನು ಪೂರ್ತಿ ಮುಚ್ಚದೆ ಒಂದು ಬೆರಳಿನಷ್ಟು ಬಿಟ್ಟು ಹೋಗುವುದು ಅವಳ ಅಭ್ಯಾಸವಂತೆ. ನಾನು ಪೂರ್ತಿ ಮುಚ್ಚಿಬಿಟ್ಟಿದ್ದೆ.

ಅವಳು ಕೂಗಾಡಲಿಲ್ಲ. ಮೆಟ್ಟಿಲ ಮೇಲೆ ಕೂತು ನಿಧಾನಕ್ಕೆ ಹೇಳಿದಳು. ಬೆಂಗಳೂರಿನಲ್ಲಿ ಹಿಂದೆ ಬಾಡಿಗೆಗಿದ್ದ ಮನೆಯಲ್ಲಿ, ಮೊದಲೇ ಒಡೆದಿದ್ದ ಕನ್ನಡಿಯನ್ನು ಇವಳೇ ಒಡೆದಳೆಂದು ಓನರು ಬೀದಿಯಲ್ಲಿ ನಿಲ್ಲಿಸಿ ಬೈದಿದ್ದರು. ಅಂದಿನಿಂದ ಯಾವ ಕೋಣೆಗೆ ಹೋದರೂ ಮೊದಲು ವಿಡಿಯೋ. “ನಾನು ಕಲಿತ ಮೊದಲನೇ ಕನ್ನಡ ಯಾವುದು ಗೊತ್ತಾ?” ಎಂದು ಕೇಳಿ, ಅದನ್ನು ಕನ್ನಡದಲ್ಲೇ ಹೇಳಿದಳು: “ಮನೆ ಖಾಲಿ ಇಲ್ಲ.” ಉಚ್ಚಾರ ಒಂದಿಷ್ಟೂ ತಪ್ಪಿರಲಿಲ್ಲ.

ನಾನು ಕೆಳಗೆ ಹೋಗಿ ಕೀ ತಂದು ಅವಳ ಕೈಯಲ್ಲಿಟ್ಟೆ. “ತಪ್ಪಾಯ್ತು” ಎಂದೆ. ಪರವಾಗಿಲ್ಲ ಎಂದು ಅವಳು ಹೇಳಲಿಲ್ಲ. ಕೀಯನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋದಳು.

ಸಂಜೆ ಯಜಮಾನರನ್ನು ಎಳೆದುಕೊಂಡೇ ಸಭಾಂಗಣಕ್ಕೆ ಹೋದೆ. ಮೊದಲು ಒಂದು ಸಿನಿಮಾ ತೋರಿಸಿದರು. ಸಂತೆಯಲ್ಲಿ ಬಾಳೆಕಾಯಿ ಮಾರುವ ಹೆಂಗಸಿನ ಕಥೆ. ಅವಳು ಗಿರಾಕಿಯ ಜೊತೆ ಚೌಕಾಸಿ ಮಾಡುವ ರೀತಿಗೆ ಹಿಂದಿನ ಸಾಲಿನ ಹೆಂಗಸರು ಬಿದ್ದು ಬಿದ್ದು ನಕ್ಕರು. ಆಮೇಲೆ ಡೋಲು ಶುರುವಾಯಿತು. ಹುಡುಗಿಯರು ಸಾಲಾಗಿ ಬಂದರು. ನಮ್ಮ ಮನೆಯಲ್ಲಿ ಇಳಿದಿದ್ದವಳ ಸೊಂಟಕ್ಕೆ, ಉಳಿದೆಲ್ಲರ ಸೊಂಟಕ್ಕೂ, ಅಂಥದೇ ಬಿಳಿ ತೊಗಲು. ಭುಜ ಅಲುಗುತ್ತಿರಲಿಲ್ಲ, ಸೊಂಟವಷ್ಟೇ ಡೋಲಿಗೆ ಸರಿಯಾಗಿ ಕುಣಿಯುತ್ತಿತ್ತು, ಕೂದಲು ಆ ಕಡೆ ಈ ಕಡೆ ಹಾರುತ್ತಿತ್ತು.

“ಇದೇ ಏನೇ ನೀನು ಮಾಟ ಅಂದಿದ್ದು?” ಎಂದು ಯಜಮಾನರು ಜೋರಾಗಿಯೇ ಕೇಳಿದರು.

“ಒಸಿ ಸುಮ್ಕಿರ್ರೀ” ಎಂದೆ. ಮುಖ ಎಲ್ಲಿಡಲಿ ಎನ್ನಿಸಿತ್ತು. ಆದರೂ ಕಾರ್ಯಕ್ರಮ ಮುಗಿದ ಮೇಲೆ ಕುರ್ಚಿ ಬಿಟ್ಟೇಳದೆ, ಯಾರಾದರೂ ಬಂದು ಏನಾದರೂ ಮಾರುತ್ತಾರೇನೋ ಎಂದು ಕಾದೆ. ಯಾರೂ ಬರಲಿಲ್ಲ.

ಉತ್ಸವ ಮುಗಿದ ಮರುದಿನ ಬೆಳಿಗ್ಗೆ ಅವಳು ಎರಡೂ ಕೀಗಳನ್ನು ಕೊಟ್ಟು, ನನ್ನೆದುರೇ ಕೋಣೆಯ ವಿಡಿಯೋ ಮತ್ತೆ ಮಾಡಿಕೊಂಡಳು. ನಾನು ಬೇಸಿನ್ನಿನ ಬಿರುಕು ಸರಿಯಾಗಿ ಕಾಣಲೆಂದು ಲೈಟು ಹಾಕಿದೆ. ಅದಕ್ಕೆ ಮಾತ್ರ “ಥ್ಯಾಂಕ್ಸ್ ಆಂಟಿ” ಎಂದಳು.

ರಸ್ತೆಯಲ್ಲಿ ಅವರ ವ್ಯಾನು ಹಾರನ್ ಮಾಡುತ್ತಿತ್ತು. ದಾರಿಗಿರಲಿ ಎಂದು ಡಬ್ಬಿಯಲ್ಲಿ ಚಕ್ಕುಲಿ ಹಾಕಿಕೊಟ್ಟೆ. ತೆಗೆದುಕೊಂಡಳು. ವ್ಯಾನು ಹತ್ತಿದ ಮೇಲೆ ಡಬ್ಬಿ ತೋರಿಸಿ ತನ್ನ ಭಾಷೆಯಲ್ಲಿ ಅದೇನೋ ಹೇಳಿದಳು. ಒಳಗಿದ್ದವರೆಲ್ಲ ಒಮ್ಮೆಗೇ ತಿರುಗಿ ನನ್ನನ್ನು ನೋಡಿದರು, ನಕ್ಕರು. ಒಬ್ಬಳು ಕೈ ಬೀಸಿದಳು, ನಾನೂ ಬೀಸಿದೆ. ಏನು ಹೇಳಿದಳೋ ಇವತ್ತಿಗೂ ಗೊತ್ತಿಲ್ಲ. ಒಳ್ಳೆಯದನ್ನೇ ಹೇಳಿರಬಹುದು ಎಂದು ಯಜಮಾನರು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ.